ಲೆಕ್ಕಕ್ಕಿಲ್ಲದ ಹಾಲು

ಚನ್ನಬಸಮ್ಮನ ಅಂಗೈ ತುಟಿಗೆ ತಾಗುವಷ್ಟರಲ್ಲಿ ಡಾಕ್ಟರ್ ವಿನುತಾ ಅವಳ ಮಣಿಕಟ್ಟು ಹಿಡಿದಳು.

"ಕುಡೀಬೇಡಿ ಅಮ್ಮ. ಬಟ್ಟಲಿಗೆ ಬಿಡಿ."

"ಇದು ನೀರಲ್ಲ ಕಣವ್ವ. ಪಾದೋದಕ."

"ಗೊತ್ತು. ನಮ್ಮನೇಲೂ ಲಿಂಗ ಕಟ್ತಾರೆ. ಆದ್ರೂ ಬಟ್ಟಲಿಗೆ ಬಿಡಿ."

ಲಿಂಗದ ಮೇಲಿಂದ ಇಳಿದ ನೀರು ಬೆರಳ ಸಂದಿಯಲ್ಲಿ ತಡೆದು, ಕೊನೆಗೆ ಸ್ಟೀಲ್ ಬಟ್ಟಲಿಗೆ ಬಿತ್ತು. ನರ್ಸ್ ಬಟ್ಟಲನ್ನು ಅಳತೆಗೆ ಒಯ್ದಳು. ಮೂಲೆಯಲ್ಲಿ ಕ್ಯಾಮೆರಾ. ಬಚ್ಚಲ ನಲ್ಲಿಗೆ ಪ್ಲಾಸ್ಟರ್ ಸುತ್ತಿ ಸೀಲು ಹಾಕಿದ್ದರು. ಅನ್ನ ನೀರಿಲ್ಲದೆ ವರ್ಷಗಟ್ಟಲೆ ಬದುಕಿದ್ದಾಳೆಂದು ಶನಿವಾರಸಂತೆ ಸುತ್ತಿನ ಜನ ಕೈಮುಗಿಯುವ ಹೆಂಗಸು ನಿಜಕ್ಕೂ ಹಾಗಿದ್ದಾಳೋ ಇಲ್ಲವೋ ಎಂದು ನೋಡಲು ಮಡಿಕೇರಿಯ ಈ ಆಸ್ಪತ್ರೆಗೆ ಕರೆತಂದಿದ್ದರು. "ನೋಡ್ಲಿ ಬಿಡಿ, ವಿಜ್ಞಾನನೂ ಬಂದು ಅಡ್ಡ ಬೀಳ್ಲಿ" ಎಂದು ಮೈದುನ ಜಯಪ್ಪ ಟೀವಿಯವರ ಮುಂದೆ ಎದೆಯುಬ್ಬಿಸಿದ್ದ. ಅವಳೂ ಹೂಂ ಅಂದಿದ್ದಳು. ತಾನು ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಗಂಡ ತೀರಿಕೊಂಡ ವರ್ಷ ಅವಳು ಕೇಳಿದ್ದು ಇಷ್ಟೇ: ಹಿತ್ತಿಲ ಕೋಣೆಯಲ್ಲಿ ತನ್ನದೇ ಒಂದು ಒಲೆ. ಜಯಪ್ಪ ಒಪ್ಪಲಿಲ್ಲ. ಒಲೆ ಬೇರೆಯಾದರೆ ಮನೆ ಬೇರೆ, ಮನೆ ಬೇರೆಯಾದರೆ ಕಾಫಿ ತೋಟಕ್ಕೂ ಹಗ್ಗ ಹಿಡಿದು ಅಳೆಯಬೇಕು. ಹಾಗಾದರೆ ನಿನ್ನ ಒಲೆ ಮೇಲೆ ಬೆಂದದ್ದು ನನಗೆ ಬೇಡ ಎಂದು ಅವಳು ಪೂಜೆಕೋಣೆ ಸೇರಿದಳು. ಅತ್ತಿಗೆಯನ್ನು ಉಪವಾಸ ಕೆಡವಿದ ಎಂದು ಊರು ಆಡಿಕೊಂಡೀತೆಂಬ ಭಯಕ್ಕೆ ಜಯಪ್ಪನೇ ಬಾಗಿಲಲ್ಲಿ ನಿಂತು "ಅಮ್ನೋರಿಗೆ ಊಟ ಬೇಕಾಗಲ್ಲ" ಅಂದ. ಜನ ನಂಬಿದರು. ಹಾಲು ತಂದರು, ಜೇನು ತಂದರು, ಬಾಳೆಹಣ್ಣಿನ ಚಿಪ್ಪು ತಂದರು. ಹಿಸುಕಿದ ಹಣ್ಣೂ ಹಾಲೂ ಲಿಂಗದ ಮೇಲೆ ಹರಿದು ಬಟ್ಟಲಿಗೆ ಇಳಿಯುತ್ತಿದ್ದವು, ಬಟ್ಟಲಿಂದ ಅವಳ ಹೊಟ್ಟೆಗೆ. ತವರಿನಲ್ಲಿ ಅದನ್ನು ಯಾರೂ ಊಟವೆಂದು ಎಣಿಸಿದ್ದಿಲ್ಲ. ಉಪವಾಸದ ದಿನವೂ ಅವ್ವ ಅದನ್ನು ಕುಡಿಯುತ್ತಿದ್ದಳು.

ವಿನುತಾ ಸ್ಟೂಲು ಎಳೆದು ಕೂತಳು. "ಬಾಯಿ ಒಣಗೈತಾ?"

"ಹೂಂ." ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

"ಮನೇಲಿ ಹಾಲಿನ ಅಭಿಷೇಕನಾ? ಎಷ್ಟು ಹಾಲು?"

"ಬಂದಷ್ಟು."

ವಿನುತಾಗೆ ನಗು ಬಂತು. "ನಮ್ಮಜ್ಜಿನೂ ಹಂಗೇ. ಉಪವಾಸ ಅಂತ ಹೇಳಿ ಚೊಂಬು ಹಾಲು ಮುಗಿಸೋಳು. ಮಾರನೇ ದಿನ ನಮಗಿಂತ ಗಟ್ಟಿಯಾಗಿ ಬೈಯೋಳು. ಅಮ್ಮ, ಎಲ್ಲಿಂದ ಇಳಿದ್ರೂ ಹಾಲು ಹಾಲೇ."

"ಲಿಂಗಕ್ಕೆ ಮುಟ್ಟಿದ್ದು ಪ್ರಸಾದ. ಅದನ್ನ ನಗಾಡಬ್ಯಾಡ."

"ಇಲ್ಲ, ನಗಾಡಲ್ಲ. ಹೊಟ್ಟೆಗೂ ಅದು ಪ್ರಸಾದನೇ, ಅದಕ್ಕೇ ನೀವು ಬದುಕಿರೋದು. ಆದ್ರೆ ಇಲ್ಲಿ ಹಾಲಿಲ್ಲ. ಹಿಂಗೇ ಬಿಟ್ರೆ ಕಿಡ್ನಿ ಹೋಗ್ತದೆ. ಏನೂ ಬೇಡ ಅಂತ ಯಾರಿಗೆ ಮಾತು ಕೊಟ್ಟಿದೀರಿ?"

"ಏನೂ ಬ್ಯಾಡ ಅಂತ ನಾನ್ಯಾವಾಗ ಅಂದೆ?" ಚನ್ನಬಸಮ್ಮ ಸರಕ್ಕನೆ ತಲೆಯೆತ್ತಿದಳು. "ಜಯಪ್ಪನ ಮನೆ ಊಟ ಬ್ಯಾಡ ಅಂದೆ. ಮಿಕ್ಕಿದ್ದೆಲ್ಲ ಅವನೇ ಹೇಳಿದ್ದು."

ಇಷ್ಟು ವರ್ಷ ತನ್ನ ಕಾಲಿಗೆ ಬಿದ್ದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಅವಳು ಲಿಂಗವನ್ನು ಕರಡಿಗೆಯಲ್ಲಿಟ್ಟು, ದಾರ ಸರಿಮಾಡಿ ಕೊರಳಿಗೆ ಹಾಕಿಕೊಂಡಳು.

"ಕ್ಯಾಂಟೀನಲ್ಲಿ ಏನೈತೆ?"

"ಉಪ್ಪಿಟ್ಟು ಇರ್ಬೇಕು."

"ತರಿಸು ಮಗ."

"ಮೊದ್ಲು ನೀರು. ಗುಟುಕು ಗುಟುಕಾಗಿ." ವಿನುತಾ ಎದ್ದವಳು ಬಾಗಿಲಲ್ಲಿ ನಿಂತಳು. "ಕ್ಯಾಮೆರಾ ಆರಿಸ್ಲಾ?"

"ಯಾಕೆ? ನೋಡ್ಲಿ ಬಿಡು. ನೋಡಾಕೆ ಅಂತ ತಾನೆ ಕರ್ಕಂಡು ಬಂದಿದ್ದು?"

ನೀರು ಗಂಟಲಲ್ಲಿ ಉರಿಯುತ್ತ ಇಳಿಯಿತು. ಉಪ್ಪಿಟ್ಟು ಬಂದಾಗ ತಣ್ಣಗಾಗಿತ್ತು, ಉಪ್ಪೂ ಮುಂದಾಗಿತ್ತು. ಚನ್ನಬಸಮ್ಮ ವಿಭೂತಿ ಹಣೆಯನ್ನು ಕ್ಯಾಮೆರಾಕ್ಕೆ ಸರಿಯಾಗಿ ತಿರುಗಿಸಿ ಕೂತು, ಹಸಿಮೆಣಸಿನಕಾಯಿ ಚೂರು ಬದಿಗಿಟ್ಟು, ನಿಧಾನ ತಿಂದಳು.

ಹೊರಗಿನ ಪರದೆಯಲ್ಲಿ ಅದನ್ನು ಕಂಡ ಜಯಪ್ಪ ನರ್ಸನ್ನು ತಳ್ಳಿಕೊಂಡೇ ಒಳಗೆ ಬಂದ.

"ಅತ್ಗೆ! ಉಗೀ ಅದನ್ನ!"

"ಅಮ್ನೋರು ಹೋಗಿ ಅತ್ಗೆ ಬಂದ್ಲಾ? ಇನ್ನೊಂದೀಟು ಹಾಕಿಸ್ಲಾ, ನೀನೂ ತಿಂತೀಯಾ?"

ಅವನು ವಿನುತಾಳನ್ನು ಓರೆಗಣ್ಣಿಂದ ನೋಡಿ, ಹಾಸಿಗೆಯ ಹತ್ತಿರ ಬಗ್ಗಿ ದನಿ ತಗ್ಗಿಸಿದ. "ಕೆಳಗೆ ಜನ ಹಾರ ಹಿಡ್ಕಂಡು ನಿಂತವ್ರೆ. ನಾ ಮುಖ ಎಲ್ಲಿಡ್ಲಿ?"

"ಎಲ್ಲಿತ್ತೋ ಅಲ್ಲೇ ಇಡು."

"ಡಾಕ್ಟ್ರು ಬಲವಂತವಾಗಿ ಬಾಯಿಗೆ ತುರುಕಿದ್ರು ಅಂತ ಹೇಳ್ಬಿಡು. ಜನ ನಿನ್ನ ಮಾತೇ ನಂಬ್ತಾರೆ."

"ಈ ಹುಡುಗಿ ನನ್ನ ಬಾಯಿಗೆ ತುರುಕಿದ್ಲಾ?"

ಜಯಪ್ಪ ಹಾಸಿಗೆಯ ಕಂಬಿ ಹಿಡಿದುಕೊಂಡ. ಅವನ ಹಣೆಯ ವಿಭೂತಿ ಬೆವರಲ್ಲಿ ಕರಗಿ ಹುಬ್ಬಿಗಿಳಿದಿತ್ತು. "ನಿಂಗೆ ಒಲೆ ತಾನೆ ಬೇಕಾಗಿದ್ದು? ನಾಳೆನೇ ಹಾಕಿಸ್ತೀನಿ. ಗ್ಯಾಸೇ ತರ್ತೀನಿ. ತೋಟದಲ್ಲಿ ಅಣ್ಣನ ಪಾಲೂ ಬಿಟ್ಕೊಡ್ತೀನಿ, ಲಿಂಗದಾಣೆ. ಆ ಒಂದು ಮಾತು ಹೇಳು ಅತ್ಗೆ."

ಚನ್ನಬಸಮ್ಮ ವಿನುತಾಳ ಕಡೆ ನೋಡಿದಳು. ಆ ಹುಡುಗಿ ನೀರಿನ ಲೋಟ ಹಿಡಿದು ನಿಂತಿದ್ದಳು. ತಟ್ಟೆಗಂಟಿದ್ದ ಕೊನೇ ತುತ್ತನ್ನು ಚನ್ನಬಸಮ್ಮ ಬೆರಳಿಂದ ಬಳಿದು ಬಾಯಿಗಿಟ್ಟು, ಅಗಿದು, ನುಂಗಿದಳು.

"ಹೇಳಲ್ಲ" ಅಂದಳು.