ಬೀಗತಿಯ ಹೊಸ ಗರಿ

ಬೆಳಿಗ್ಗೆ ಹಿತ್ತಿಲು ಗುಡಿಸಲು ಹೋದ ಸೊಸೆ ಪೊರಕೆ ಹಿಡಿದು ನಿಂತುಬಿಟ್ಟಳು. ಯಾರೋ ದಿಂಬು ಹರಿದು ಕೊಡವಿದ ಹಾಗೆ ನೆಲದ ತುಂಬ ಕಂದು ಗರಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗರಿ, ನಲ್ಲಿಯ ಬುಡದಲ್ಲಿ ಗರಿ, ಒಣಗಲು ಹಾಕಿದ್ದ ಮಗುವಿನ ಅಂಗಿಯ ಮೇಲೂ ಗರಿ.

"ಮಾವ, ನಿಮ್ಮ ಕೋಳಿ ನೋಡಿ ಬನ್ನಿ. ಇವತ್ತು ಬೆನ್ನೂ ಬೋಳಾಗಿದೆ."

ಮಾವ ದರ್ಜಿ. ಬೀದಿಯವರಿಗೆಲ್ಲ ಮಾಸ್ತರರು. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಹಿಂದಿನ ಬಾಗಿಲು ದಾಟಿದರೆ ಹಿತ್ತಿಲು, ಹಿತ್ತಿಲ ಮೂಲೆಯಲ್ಲಿ ಕೋಳಿಗೂಡು. ಗೂಡಿನಲ್ಲಿ ಇದ್ದದ್ದು ಒಂದೇ ಕೋಳಿ. ಅದರ ಹೆಸರು ಬೀಗತಿ.

ಆ ಹೆಸರಿಟ್ಟವರು ಮಾಸ್ತರರ ಹೆಂಡತಿ. ಹೊಸದಾಗಿ ಸಂಬಂಧ ಬೆಳೆಸಿದ ಬೀಗರು ಮನೆ ನೋಡಲು ಬಂದ ಹಾಗೆ, ಈ ಕೋಳಿ ಕತ್ತು ಎತ್ತಿಕೊಂಡು, ಒಂದೊಂದೇ ಕಾಲು ಎತ್ತಿ ಇಡುತ್ತಾ ಹೊಸಿಲು ದಾಟಿ ಬಂದು, ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಬಗ್ಗಿ ನೋಡುತ್ತಿತ್ತು. ಆಗೆಲ್ಲ ಆಕೆ ಒಲೆಯ ಮುಂದಿನಿಂದಲೇ ಹೇಳುತ್ತಿದ್ದರು: "ಬೀಗತಿ ಬಂದ್ರು, ಚಾಪೆ ಹಾಸ್ರಪ್ಪ."

ಆಕೆ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಆಡಿರಲಿಲ್ಲ. ಕೋಳಿಯೂ ಹೊಸಿಲು ದಾಟುವುದನ್ನು ಬಿಟ್ಟಿತ್ತು. ಈಗಂತೂ ಕತ್ತು ಬೋಳು, ಬಾಲ ಮೊಂಡು. ಮೊಟ್ಟೆಯೂ ನಿಂತುಹೋಗಿ ಮೂಲೆಯಲ್ಲಿ ಮುದುಡಿ ನಿಲ್ಲುತ್ತಿತ್ತು.

"ಇದನ್ನ ಕೊಟ್ಟುಬಿಡೋಣ ಮಾವ," ಎಂದಳು ಸೊಸೆ. ಮಾತು ಮೆತ್ತಗಿತ್ತು, ಆದರೆ ನಿರ್ಧಾರ ಮೆತ್ತಗಿರಲಿಲ್ಲ. "ನಾನೇನು ಸಂತೋಷಕ್ಕೆ ಹೇಳ್ತಿದೀನಾ? ಬಸುರಿಯಾಗಿದ್ದಾಗ ಅತ್ತೆ ನನಗೆ ತಿನ್ನಿಸಿದ್ದು ಇದರದ್ದೇ ಮೊಟ್ಟೆ. ಆದ್ರೆ ಮಗು ಅಂಬೆಗಾಲಿಡ್ತಾ ಇದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಈ ರೋಗ ಅದಕ್ಕೆ ಅಂಟಿದ್ರೆ ನಾನು ಯಾರನ್ನ ಕೇಳಲಿ?"

ಮಾಸ್ತರರು ಮಗುವಿನ ಅಂಗಿಯ ಮೇಲಿದ್ದ ಗರಿಯನ್ನು ಕೊಡವಿದರು. ಮೊಮ್ಮಗಳೂ ಅವರದೇ ಕರುಳು. ಕೋಳಿಯೋ, ಹೋದವಳು ಬಿಟ್ಟುಹೋದ ಜೀವ. ಯಾವುದನ್ನು ಹಿಡಿದು ಯಾವುದನ್ನು ಬಿಡುವುದು?

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಪಕ್ಕದ ಮನೆಯ ಕೋಳಿ ಅಂಗಡಿಯವನು ಹಿತ್ತಿಲಿಗೆ ಇಣುಕಿದ. "ಅರ್ಧ ಕೆಲಸ ಅದೇ ಮಾಡ್ಕೊಂಡಿದೆ ಮಾಸ್ಟ್ರೇ. ನನಗೆ ಗರಿ ಕೀಳೋ ಶ್ರಮ ಉಳೀತು."

"ನಿನ್ನ ಬಾಯಿಗಿಷ್ಟು ಹೊಲಿಗೆ ಹಾಕ್ಲಾ?"

"ಹಾಕಿ, ಆದ್ರೆ ಮೊದಲು ಪ್ಯಾಂಟ್ ಮುಗಿಸಿ," ಎಂದು ಅವನು ನಕ್ಕ. ಕೆಟ್ಟ ಮನುಷ್ಯನಲ್ಲ, ಬಾಯಿ ಮಾತ್ರ ಹಾಗೆ. "ನಿಜ ಹೇಳ್ತೀನಿ, ಇದು ಹೇನಿನ ಕಾಟ. ಸೀಮೆಎಣ್ಣೆ ಹಚ್ಚಿ ನೋಡಿ. ಭಾನುವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ನನಗೆ ಹೇಳಿ. ನೋವಾಗದ ಹಾಗೆ ಮುಗಿಸಿಕೊಡ್ತೀನಿ."

ಸೊಸೆ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದರು. ಭಾನುವಾರ ಎಂದು ಹಾಗೆಯೇ ಗಟ್ಟಿಯಾಯಿತು.

ಆ ಮಧ್ಯಾಹ್ನ ಮಾಸ್ತರರು ಪೆಟ್ಟಿಗೆಯಿಂದ ಹೆಂಡತಿಯ ಹಳೆಯ ಹತ್ತಿ ಶಾಲು ತೆಗೆದು, ಅದರ ಅಂಚು ಕತ್ತರಿಸಿ, ಕೋಳಿಗೊಂದು ಕೋಟು ಹೊಲಿದರು. ಬೋಳು ಮೈಗೆ ಗಾಳಿ ತಾಗಬಾರದಲ್ಲ. ರೆಕ್ಕೆಗೆ ಎರಡು ತೂತು, ಎದೆಗೆ ಒಂದು ಗುಂಡಿ. ಗೋಡೆಯಾಚೆಯಿಂದ ಅಂಗಡಿಯವನು ನೋಡಿಯೇ ಬಿಟ್ಟ.

"ಜೇಬು ಇಟ್ಟಿಲ್ವಾ ಮಾಸ್ಟ್ರೇ? ಮೊಟ್ಟೆ ಹಾಕ್ಕೊಳ್ಳೋಕೆ ಬೇಕಿತ್ತು."

"ಮೊಟ್ಟೆ ಇಡ್ತಾ ಇದ್ರೆ ಜೇಬೂ ಇಡ್ತಿದ್ದೆ, ಹೋಗಪ್ಪ."

ಸಂಜೆ ಕೋಟಿನ ಗುಂಡಿ ಬಿಚ್ಚಿ ನೋಡಿದಾಗ ಕೋಳಿಯ ಕತ್ತಿನಲ್ಲಿ, ಬೆನ್ನಿನಲ್ಲಿ ಸಣ್ಣ ಸಣ್ಣ ಮುಳ್ಳುಗಳಂಥವು ಎದ್ದಿದ್ದವು. ಬೂದು ಬಣ್ಣ, ಸೂಜಿಯ ಹಾಗೆ ನೆಟ್ಟಗೆ. ರೋಗ ಮುಳ್ಳಾಗಿ ಹೊರಗೆ ಬರುತ್ತಿದೆ ಎಂದುಕೊಂಡರು ಮಾಸ್ತರರು.

ಕನ್ನಡಕ ಏರಿಸಿ, ದಾರ ಕೀಳುವ ಚಿಮುಟ ತಂದು, ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನಿನಿಂದ ಒಂದೊಂದೇ ಮುಳ್ಳನ್ನು ಕಿತ್ತರು. ಕೋಳಿ ಅರಚಿತು. "ಸ್ವಲ್ಪ ತಡ್ಕೊ ತಾಯಿ, ನಿನ್ನ ಒಳ್ಳೇದಕ್ಕೇ," ಎಂದು ತಲೆ ಸವರಿದರು. ಹೆಂಡತಿ ಹಾಸಿಗೆ ಹಿಡಿದಾಗ ಆಕೆಯ ಕಾಲು ಒತ್ತಿದ ಕೈಗಳು ಅವು. ಆಕೆ ಹೋದ ಮೇಲೆ ಆ ಕೈಗಳಿಗೆ ಹೊಲಿಗೆ ಇತ್ತು, ಆರೈಕೆ ಮಾಡಲು ಯಾರೂ ಇರಲಿಲ್ಲ. ಮರುದಿನವೂ ಕಿತ್ತರು. ಅದರ ಮರುದಿನ ಕೋಳಿ ಅವರ ಹೆಜ್ಜೆ ಸಪ್ಪಳಕ್ಕೇ ಗೂಡಿನ ಹಿಂದೆ ಓಡಿ ಅಡಗಿತು.

ಶನಿವಾರ ಪಶು ಆಸ್ಪತ್ರೆಯ ಡಾಕ್ಟರಮ್ಮ ತಮ್ಮ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದರು. ಕೋಟಿನ ತೋಳಿನ ಹೊಲಿಗೆ ಆಗಷ್ಟೇ ಮುಗಿದಿತ್ತು. ಅಂಚು ಜಾರದಿರಲಿ ಎಂದು ಮೊದಲು ಹಾಕಿದ್ದ ಕಚ್ಚಾ ದಾರವನ್ನು ಮಾಸ್ತರರು ಚಿಮುಟದಿಂದ ಎಳೆಯುತ್ತಾ ಕೂತಿದ್ದರು.

"ಯಾಕೆ ಮಾಸ್ಟ್ರೇ, ಮುಖ ಸಪ್ಪಗಿದೆ?"

"ನಾಳೆ ಭಾನುವಾರ ತಾಯಿ," ಎಂದರು ಅವರು. ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ.

ಸೊಸೆಯೇ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ನೇರವಾಗಿ ಹಿತ್ತಿಲಿಗೆ ನಡೆದರು. ಕೋಟು ಹಾಕಿಕೊಂಡ ಕೋಳಿಯನ್ನು ನೋಡಿ ಅವರಿಗೂ ನಗು ಬಂತು. ಆದರೆ ಕೋಟು ಬಿಚ್ಚಿ ಅದರ ಒಳಮೈ ನೋಡಿದಾಗ ನಗು ನಿಂತಿತು. ಬಟ್ಟೆಯ ಮೇಲೆ ರಕ್ತದ ಸಣ್ಣ ಚುಕ್ಕಿಗಳಿದ್ದವು.

ಅವರು ರೆಕ್ಕೆ ಎತ್ತಿ ಅದರ ಬುಡ ನೋಡಿದರು. ಬಾಲದ ಕೆಳಗೆ, ಮೊಟ್ಟೆ ಬರುವ ಜಾಗದ ಸುತ್ತ ಬೆರಳಿನಿಂದ ಗರಿ ಸರಿಸಿ ನೋಡಿದರು. ಗೂಡಿನೊಳಗೆ ಕೋಳಿ ಕೂರುವ ಕೋಲಿನ ಸಂದುಗಳನ್ನೂ ಬಗ್ಗಿ ನೋಡಿದರು.

"ಹೇನಿಲ್ಲ. ಹೇನಿದ್ರೆ ಗರಿಯ ಬುಡದಲ್ಲಿ ಬಿಳಿ ಮೊಟ್ಟೆ ಗೊಂಚಲಾಗಿ ಅಂಟಿರುತ್ತೆ. ರಕ್ತ ಹೀರೋ ಉಣ್ಣಿಯಂಥ ಸಣ್ಣ ಹುಳ ಇದ್ರೆ ಈ ಕೋಲಿನ ಸಂದಿನಲ್ಲಿ ಸಿಗುತ್ತೆ. ಎರಡೂ ಇಲ್ಲ. ಸೀಮೆಎಣ್ಣೆ ಹಚ್ಚಿದ್ರಾ?"

"ಇವತ್ತು ಹಚ್ಚೋಣ ಅಂತಿದ್ದೆ."

"ಹಚ್ಚಬೇಡಿ, ಚರ್ಮ ಸುಟ್ಟುಹೋಗುತ್ತೆ. ಅದು ಕೊಕ್ಕಿನಿಂದ ಮೈ ಕೆದರಿಕೊಂಡ್ರೆ ಹೊಟ್ಟೆಗೂ ಹೋಗುತ್ತೆ. ಇದು ರೋಗವೇ ಅಲ್ಲ ಮಾಸ್ಟ್ರೇ. ದೊಡ್ಡ ಕೋಳಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಳೇ ಗರಿ ಉದುರಿಸಿ ಹೊಸದು ಹಾಕ್ಕೊಳ್ಳುತ್ತೆ. ಕತ್ತಿನಿಂದ ಶುರುವಾಗಿ ಬಾಲದ ಕಡೆ ಹೋಗುತ್ತೆ. ಆಗ ಮೊಟ್ಟೆ ನಿಲ್ಲಿಸೋದೂ ಸಹಜ. ಮೈಯಲ್ಲಿರೋ ಸತ್ವವೆಲ್ಲ ಗರಿಗೆ ಬೇಕಲ್ಲ."

"ಹಾಗಾದ್ರೆ ಮಗುಗೆ ಅಂಟಲ್ವಾ?" ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು ಕೇಳಿದಳು.

"ಗರಿ ಉದುರೋದು ಅಂಟಲ್ಲಮ್ಮ. ಆದ್ರೆ ನಿಮ್ಮ ಹೆದರಿಕೆ ಸುಳ್ಳಲ್ಲ. ಕೋಳಿ ಎಷ್ಟೇ ಗಟ್ಟಿಯಾಗಿದ್ರೂ ಅದರ ಹಿಕ್ಕೆಯಿಂದ ಹೊಟ್ಟೆ ಕೆಡಬಹುದು. ಮಗು ಆಡೋ ಜಾಗಕ್ಕೆ ಕೋಳಿ ಬೇಡ. ಅದನ್ನ ಮುಟ್ಟಿದವರು ಸೋಪು ಹಾಕಿ ಕೈ ತೊಳೀಬೇಕು. ಅಷ್ಟು ಮಾಡಿ." ಆಮೇಲೆ ಅವರು ರಕ್ತದ ಚುಕ್ಕಿಗಳ ಮೇಲೆ ಬೆರಳಿಟ್ಟರು. "ಆದ್ರೆ ಇದು ಯಾಕೆ ಅಂತ ಗೊತ್ತಾಗ್ತಿಲ್ಲ. ಬೇರೆ ಕೋಳಿ ಕುಕ್ಕುತ್ತಾ?"

"ಬೇರೆ ಕೋಳಿಯೇ ಇಲ್ಲ."

ಮಾಸ್ತರರು ಜೇಬಿನಿಂದ ಚಿಮುಟ ತೆಗೆದು ತೋರಿಸಿದರು. "ಮುಳ್ಳು ಎದ್ದಿತ್ತು ತಾಯಿ. ದಿನಾ ಕೀಳ್ತಾ ಇದ್ದೆ."

ಡಾಕ್ಟರಮ್ಮ ಕೋಳಿಯನ್ನು ಅವರ ಕನ್ನಡಕದ ಹತ್ತಿರ ಹಿಡಿದು, ಬೆನ್ನಿನಲ್ಲಿ ಉಳಿದಿದ್ದ ಒಂದು ಮುಳ್ಳನ್ನು ತೋರಿಸಿದರು. ತುದಿಯಲ್ಲಿ ತೆಳು ಪೊರೆ ಬಿಚ್ಚಿಕೊಂಡಿತ್ತು. ಒಳಗಿನಿಂದ ಒಂದು ಎಳೆ ಕಂದು ಗರಿ ಇಣುಕುತ್ತಿತ್ತು.

"ಇದೇ ಹೊಸ ಗರಿ ಮಾಸ್ಟ್ರೇ. ಮೊದಲು ಹೀಗೆ ಮೊಳಕೆ ಥರ ಬರುತ್ತೆ. ಬೆಳೆಯೋವರೆಗೆ ಅದರ ಒಳಗೆ ರಕ್ತ ಹರೀತಿರುತ್ತೆ. ಮುಟ್ಟಿದ್ರೇ ನೋವು."

ಮಾಸ್ತರರ ಕೈಯಲ್ಲಿದ್ದ ಚಿಮುಟ ಕೆಳಗೆ ಬಿತ್ತು. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಪಕ್ಕಾ ಹೊಲಿಗೆ ಬೀಳೋಕೆ ಮುಂಚೆನೇ ಕಚ್ಚಾ ದಾರ ಕಿತ್ತುಬಿಟ್ಟೆ," ಎಂದರು. "ಐವತ್ತು ವರ್ಷದಿಂದ ದರ್ಜಿ ನಾನು. ದೇವರು ಒಳಗೆ ಕೂತು ಹೊಲೀತಿದ್ದ, ನಾನು ಹೊರಗೆ ಕೂತು ಬಿಚ್ತಿದ್ದೆ."

"ಗೊತ್ತಿದ್ದು ಮಾಡಿದ್ದಲ್ಲ," ಎಂದು ಥಟ್ಟನೆ ಹೇಳಿದವಳು ಸೊಸೆ. "ಊಟ ಬಿಟ್ಟು ಅದರ ಹತ್ತಿರ ಕೂತಿದ್ರು ಡಾಕ್ಟರೇ. ಅತ್ತೆಯನ್ನ ನೋಡಿಕೊಂಡ ಹಾಗೆ ನೋಡಿಕೊಂಡ್ರು." ಹೇಳಿದ ಮೇಲೆ ತಾನೇಕೆ ಮಾವನ ಪರ ವಹಿಸಿದೆ ಎಂದು ಅವಳಿಗೇ ಸಂಕೋಚವಾಗಿ, ಸೆರಗಿನಿಂದ ಮಗುವಿನ ಮೂಗು ಒರೆಸಿದಳು.

"ಗರಿ ಮತ್ತೆ ಬರುತ್ತಾ ತಾಯಿ?" ಎಂದು ಮಾಸ್ತರರು ಕೇಳಿದರು.

"ಬರುತ್ತೆ. ಕಿತ್ತ ಜಾಗದಲ್ಲಿ ತಡವಾಗಿ ಬರಬಹುದು, ಆದ್ರೆ ಬರುತ್ತೆ. ಈ ಕೋಟು ಬೇಡ, ಮೊಳಕೆಗೆ ಉಜ್ಜುತ್ತೆ. ಎತ್ತಿಕೊಳ್ಳೋದೂ ಬೇಡ. ಸ್ವಲ್ಪ ದಿನ ದೂರದಿಂದ ನೋಡಿ, ಅಷ್ಟೇ. ಏನು ತಿನ್ನಿಸ್ತಿದೀರಿ?"

"ಬ್ರೆಡ್ಡಿನ ಚೂರು. ಮಿಕ್ಕಿದ ಅನ್ನ."

"ಮುಂಚೆ?"

ಸೊಸೆ ನೆನಪು ಮಾಡಿಕೊಂಡಳು. "ಅತ್ತೆ ಇದ್ದಾಗ ಆ ಮೂಲೆಯಲ್ಲಿ ಕಸದ ಗುಂಡಿ ಇತ್ತು. ಕೆದಕಿ ಹುಳ ತಿಂತಿತ್ತು. ಪಕ್ಕದಲ್ಲೇ ಬೂದಿ ಗುಡ್ಡೆ, ಅದರಲ್ಲಿ ಹೊರಳಾಡ್ತಿತ್ತು. ಮಗು ಓಡಾಡುತ್ತೆ ಅಂತ ನಾನೇ ಎಲ್ಲ ತೆಗೆಸಿ ಕಲ್ಲು ಹಾಸಿದೆ."

"ಗರಿ ಅಂದ್ರೆ ಹೆಚ್ಚೂಕಡಿಮೆ ಬರೀ ಪ್ರೋಟೀನ್. ಬ್ರೆಡ್ಡಿನಲ್ಲಿ ಗರಿ ಬೆಳೆಯಲ್ಲ. ಅಂಗಡಿಯಲ್ಲಿ ಸಿಗೋ ಮೊಟ್ಟೆ ಕೋಳಿಯ ಮೇವು ಹಾಕಿ. ಜೊತೆಗೆ ಬೇಯಿಸಿದ ಮೊಟ್ಟೆ ಚೂರು, ಚೆನ್ನಾಗಿ ಬೆಂದ ಕಾಳು, ಉಪ್ಪು ಹಾಕದ ಒಣಮೀನಿನ ಪುಡಿ, ಯಾವುದಾದ್ರೂ ಸ್ವಲ್ಪ. ದಿನಾ ಹೊಸ ನೀರು. ಒಂದು ಹಳೇ ಬಾಣಲಿಯಲ್ಲೋ ಟಬ್ಬಿನಲ್ಲೋ ಒಣ ಮಣ್ಣು, ಜರಡಿ ಹಿಡಿದ ಕಟ್ಟಿಗೆ ಬೂದಿ ತುಂಬಿಡಿ. ಧೂಳಿನಲ್ಲಿ ಹೊರಳೋದೇ ಅದಕ್ಕೆ ಸ್ನಾನ. ಹೇನು ದೂರ ಇರುತ್ತೆ."

ಗೋಡೆಯಾಚೆಯಿಂದ ಅಂಗಡಿಯವನ ತಲೆ ಕಾಣಿಸಿತು. "ಅಂದ್ರೆ ನಾಳೆ ನನಗೆ ಕೆಲಸ ಇಲ್ಲ ಅನ್ನಿ."

"ಇದೆಯಲ್ಲ," ಎಂದಳು ಸೊಸೆ. "ಕಲ್ಲು ಕೀಳೋ ಕೆಲಸ. ಬನ್ನಿ ಅಣ್ಣ, ಆ ಮೂಲೆಯ ಎರಡು ಚಪ್ಪಡಿ ಎತ್ತಿಕೊಡಿ."

ಭಾನುವಾರ ಅವನು ಬಂದದ್ದು ಚಾಕು ಹಿಡಿದು ಅಲ್ಲ, ಹಾರೆ ಹಿಡಿದು. ಮೂಲೆಯ ಮಣ್ಣು ಮತ್ತೆ ಬಿಸಿಲು ಕಂಡಿತು. ಮಗು ಆ ಕಡೆ ಹೋಗದಂತೆ ಸೊಸೆ ಹಳೆಯ ಮಂಚದ ಪಟ್ಟಿಗಳಿಂದ ತಡೆ ಕಟ್ಟಿದಳು. ಮಾಸ್ತರರು ಕೋಟಿನ ಹೊಲಿಗೆ ಬಿಚ್ಚಿ, ಶಾಲಿನ ತುಂಡನ್ನು ಒಗೆದು, ಗಾಳಿ ನುಗ್ಗುವ ಕಡೆ ಗೂಡಿಗೆ ಪರದೆಯಾಗಿ ಹಾಕಿದರು. ಚಿಮುಟವನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಸೇರಿಸಿದರು.

ಕಷ್ಟವಾದದ್ದು ಸುಮ್ಮನಿರುವುದು. ಕೋಳಿ ಕಾಣುವಷ್ಟು ದೂರದಲ್ಲಿ ಅವರು ಅಂಗಿಗಳ ಗುಂಡಿ, ಕಾಜಾ ಕೆಲಸ ಹಿಡಿದು ಕೂರುತ್ತಿದ್ದರು. ಕೈ ಆ ಕಡೆ ಹೋಗಬೇಕೆಂದಾಗಲೆಲ್ಲ ಇನ್ನೊಂದು ಗುಂಡಿ ಹೊಲಿಯುತ್ತಿದ್ದರು. ಬೀದಿಯವರ ಅಂಗಿಗಳಲ್ಲಿ ಆ ದಿನಗಳಲ್ಲಿ ಒಂದು ಗುಂಡಿಯೂ ಸಡಿಲವಿರಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಬೇಡಿದ್ದು ಒಂದೇ: "ನನ್ನ ಕೈಯನ್ನ ಹಿಡಿದಿಟ್ಕೊಳ್ಳಪ್ಪ."

ಮೊದಲು ಕತ್ತಿನಲ್ಲಿ ಮೊಳಕೆ ಬಿಚ್ಚಿತು. ಆಮೇಲೆ ಎದೆಯಲ್ಲಿ. ಕಿತ್ತಿದ್ದ ಬೆನ್ನಿನಲ್ಲಿ ಬಹಳ ದಿನ ಏನೂ ಕಾಣಲಿಲ್ಲ. ಮಾಸ್ತರರು ಆ ಜಾಗವನ್ನೇ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲಿಯೂ ಬೂದು ಮೊನೆ ಎದ್ದಿತು. ಅವರು ಯಾರಿಗೂ ಹೇಳದೆ ಒಳಗೆ ಹೋಗಿ ಹೆಂಡತಿಯ ಪಟದ ಮುಂದೆ ಕೈಮುಗಿದು ನಿಂತರು.

ಚಳಿ ಕಳೆಯುವ ಹೊತ್ತಿಗೆ ಮೈ ತುಂಬ ಹೊಸ ಗರಿ. ಹಳೆಯದಕ್ಕಿಂತ ಗಾಢವಾದ ಕಂದು, ಬಿಸಿಲಿಗೆ ತಾಮ್ರದ ಹೊಳಪು.

ಆ ದಿನ ಸೊಸೆ ಒಲೆಯ ಮುಂದೆ ಇದ್ದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಹಿತ್ತಿಲ ಬಾಗಿಲಲ್ಲಿ ನೆರಳಾಡಿತು. ಕತ್ತು ಎತ್ತಿಕೊಂಡು, ಒಂದೊಂದೇ ಕಾಲು ಎತ್ತಿ ಇಡುತ್ತಾ, ಕೋಳಿ ಹೊಸಿಲ ಮೇಲೆ ಬಂದು ನಿಂತು ಪಾತ್ರೆಗಳ ಕಡೆ ಒಂದೇ ಕಣ್ಣಿನಲ್ಲಿ ನೋಡಿತು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಅದರ ಸದ್ದು ಮೀರಿಸಿ ಸೊಸೆ ಕೂಗಿದಳು:

"ಮಾವ, ಬೀಗತಿ ಬಂದ್ರು. ಚಾಪೆ ಹಾಸಿ. ಆದ್ರೆ ಹಿತ್ತಿಲಲ್ಲಿ ಹಾಸಿ."

ಯಂತ್ರ ನಿಂತಿತು. ಅದು ಮತ್ತೆ ಓಡಲು ಬಹಳ ಹೊತ್ತು ಬೇಕಾಯಿತು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಕೋಳಿಯೂ ಗರಿ ಉದುರಿಸಿ ಬೋಳಾಗಿ ನಿಂತರೆ ಗಾಬರಿಯಿಂದ ಚಾಕು ಹುಡುಕಬೇಡಿ. ಸೀಮೆಎಣ್ಣೆ, ಗಿಡಕ್ಕೆ ಹೊಡೆಯುವ ಔಷಧಿ ಮೈಗೆ ಹಚ್ಚಬೇಡಿ. ರೆಕ್ಕೆಯ ಬುಡ, ಬಾಲದ ಕೆಳಗೆ, ಗೂಡಿನ ಕೋಲು ನೋಡಿ. ಹೇನು ಕಂಡರೆ, ಗಾಯವಿದ್ದರೆ, ಕೋಳಿ ಮೇವು ಬಿಟ್ಟು ತೂಕಡಿಸಿದರೆ ಪಶು ಆಸ್ಪತ್ರೆಗೆ ಹೋಗಿ. ಕೋಳಿಗಳು ಒಂದರ ಹಿಂದೆ ಒಂದು ಸತ್ತರೆ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಏನೂ ಇಲ್ಲವಾದರೆ ಒಳ್ಳೆಯ ಮೇವು, ಶುದ್ಧ ನೀರು, ಹೊರಳಲು ಒಣ ಮಣ್ಣು ಕೊಟ್ಟು ಕಾಯಿರಿ. ಎದ್ದ ಮೊಳಕೆಯನ್ನು ಕೀಳಬೇಡಿ. ಕೋಳಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.

ಮೂಕ ಜೀವವನ್ನು ದೇವರು ನಮ್ಮ ಕೈಗೆ ಒಪ್ಪಿಸುವಾಗ ಅದನ್ನು ನೋಡಲು ಕಣ್ಣನ್ನೂ ಕೊಟ್ಟಿದ್ದಾನೆ. ಮೊದಲು ನೋಡಿ. ಮುಟ್ಟುವುದು ಆಮೇಲೆ.