ಥಂಗ್ ಎಂಬ ಪದ

ಫ್ಯಾನಿನ ಗಾಳಿಗೆ ಪದಗಳ ಚೀಟಿ ಏಳುತ್ತಿದೆ, ಅಂಗೈ ಇಟ್ಟು ಒತ್ತಿದ್ದೇನೆ, ಶಾಂಗ್‌ಖೌ, ಶಾಂಗ್ ಅಂದರೆ ಗಾಯ, ಖೌ ಅಂದರೆ ಬಾಯಿ, ನಾವೂ ಗಾಯ ಬಾಯಿ ಬಿಟ್ಟಿದೆ ಅನ್ನುತ್ತೇವಲ್ಲ, ಚೀನೀ ಭಾಷೆಯಲ್ಲಿ ಅದು ಬಾಯಿ ಮುಚ್ಚುವುದೇ ಇಲ್ಲವೇನೋ — ಕಾರ್ಖಾನೆಯ ಈ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದರಲ್ಲಿ ನಾನು, ಚೀನೀ ಮೆಕ್ಯಾನಿಕ್ ಹನ್ನೊಂದಕ್ಕೆ ಬರುತ್ತಾನೆ, ನಾಳೆ ತನ್ನ ದೇಶಕ್ಕೆ ಹೋಗಿಬಿಡುತ್ತಾನೆ, ಹಬೆಯ ಪೈಪು ಸಿಡಿದಾಗ ನನ್ನ ಗಂಡನ ಪಕ್ಕದಲ್ಲಿದ್ದವನು ಅವನೊಬ್ಬನೇ. ತಕ್ಷಣ ಹೋದರು ಮೇಡಂ, ಅವರಿಗೇನೂ ಗೊತ್ತಾಗಲೇ ಇಲ್ಲ, ಎಂದಿದ್ದರು ಮ್ಯಾನೇಜರ್, ಅಷ್ಟು ಸಲೀಸಾಗಿ, ನನಗೆ ನಂಬಿಕೆ ಬರಲಿಲ್ಲ, ದುಭಾಷಿಯೂ ಅವರ ಕೈಕೆಳಗಿನವನೇ, ನಾನೇ ಕೇಳಬೇಕು, ಅದಕ್ಕೇ ಎರಡು ತಿಂಗಳಿಂದ ಆನ್‌ಲೈನಿನಲ್ಲಿ ಚೀನೀ, ಬರೀ ಗಾಯಗಳ ಪಾಠ. ಮನೆಯಲ್ಲಿ ಅತ್ತೆ ಬಾಗಿಲಲ್ಲಿ ನಿಂತು, ಅಲ್ಲಮ್ಮ, ಊಟ ನೀರು ಅಂತ ಕಲೀಬಾರ್ದಾ, ಹೋಗಿ ಹೋಗಿ ಪೆಟ್ಟು ಬಾವು ಕೀವು, ಎಂದಿದ್ದರು, ಆಮೇಲೆ ಗೋಡೆಯಾಚೆ ಅವರೂ ಮೆಲ್ಲಗೆ ಶಾಂಗ್‌ಖೌ ಎಂದು ಹೇಳಿ ನೋಡಿಕೊಂಡರು. ಥಾಂಗ್‌ಶಾಂಗ್, ಹಬೆಯಿಂದ ಸುಟ್ಟ ಗಾಯ, ಮೊದಲ ದನಿ ಮೇಲಿನಿಂದ ಕೆಳಗೆ ಬೀಳಬೇಕು, ನಾನು ಸಮವಾಗಿ ಎಳೆದೆ, ಪರದೆಯಲ್ಲಿ ಟೀಚರ್ ನಕ್ಕರು, ಅದು ಸೂಪು ಕಣ್ರೀ, ಸೂಪಿನ ಗಾಯ ಅಂದ್ರಿ, ನಾನೂ ನಕ್ಕೆ, ನಕ್ಕು ಪರದೆ ಆರಿಸಿದೆ. ಥಂಗ್ ಮಾತ್ರ ಸುಲಭ, ನೋವು, ತಂಗಿ ಎನ್ನಲು ಹೊರಟು ಅರ್ಧಕ್ಕೆ ಉಸಿರು ನಿಂತ ಹಾಗೆ, ಅದೇ ಪದಕ್ಕೆ ಅಕ್ಕರೆ ಅನ್ನೋ ಅರ್ಥಾನೂ ಇದೆ, ನೋಡಿಕೊಂಡು ಬಳಸಿ, ಎಂದಿದ್ದರು ಟೀಚರ್.

ಬಂದ, ಗಿಡ್ಡ, ನೀಲಿ ಅಂಗಿ, ಬಲಗೈಯ ಚರ್ಮ ಹೊಸದು, ಗುಲಾಬಿ ಬಣ್ಣ, ಥಾ ಥಂಗ್ ಮಾ, ಅವರಿಗೆ ನೋವಾಯಿತಾ, ಎಂದು ಕೇಳಿದೆ, ದನಿ ಸರಿಯಾಗಿಯೇ ಏರಿತು, ಅವನು ಬಾಗಿಲ ಕಡೆ ನೋಡಿದ, ಯಾರೂ ಇಲ್ಲ, ಥಂಗ್, ಎಂದ, ತಲೆಯಾಡಿಸಿದ. ಯಾವ ಥಂಗ್. ಮುಂದಿನ ಪ್ರಶ್ನೆ ನಾನು ಕಲಿತಿಲ್ಲ. ಅವನು ಎಡಗೈ ಚಾಚಿ ತನ್ನ ಉಂಗುರದ ಬೆರಳು ಹಿಡಿದು ಎಳೆಯುತ್ತಾನೆ, ಬರಿಯ ಬೆರಳು, ಕೆನ್ನೆ ಉಬ್ಬಿಸಿ ತೋರಿಸುತ್ತಾನೆ, ಬಾವು, ಬರಲಿಲ್ಲ ಎಂದು, ಮತ್ತೆ ಎಳೆಯುತ್ತಾನೆ — ನನ್ನ ಗಂಡನ ಉಂಗುರ ಕವರಿನಲ್ಲಿ ಮನೆಗೆ ಬಂದಿತ್ತು, ಇಡಿಯಾಗಿ, ಆಸ್ಪತ್ರೆಯವರು ತೆಗೆದರು ಅಂದುಕೊಂಡಿದ್ದೆ — ಹಾಗಾದರೆ ಅವರೇ ಇವನತ್ತ ಕೈ ನೀಡಿ, ಎಚ್ಚರವಿದ್ದು, ಎಷ್ಟು ಹೊತ್ತು, ಅವನು ನನ್ನತ್ತ ಬೆರಳು ಮಾಡುತ್ತಾನೆ, ನೀ, ಅದೊಂದು ಪದ ಎರಡು ಭಾಷೆಗೂ ಒಂದೇ, ನೀ, ನನಗೆ ಕೊಡೆಂದು, ಮತ್ತೆ ಬೆರಳು ಹಿಡಿಯುತ್ತಾನೆ, ಹಲ್ಲು ಕಚ್ಚುತ್ತಾನೆ, ಎಳೆಯುತ್ತಾನೆ, ನಿಲ್ಲಿಸುತ್ತಾನೆ, ಎಳೆಯುತ್ತಾನೆ, ಬರಿಯ ಬೆರಳು, ಬರಿಯ