ಮರಿಭಾವನ ಬಾಲದ ಪಟ್ಟೆ

ಬೆಳಿಗ್ಗೆ ಕನ್ನಡಕದಂಗಡಿಯ ಬಾಗಿಲು ತೆರೆದಾಗ ಹಕ್ಕಿ ಪಂಜರದ ತಳದಲ್ಲಿತ್ತು. ಬೂದು ಪುಕ್ಕ ಉಬ್ಬಿಸಿಕೊಂಡು, ಕಾಲು ಅಗಲಿಸಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಾಳಿನ ಬಟ್ಟಲು ಮುಟ್ಟಿದಂತಿರಲಿಲ್ಲ.

ಅದು ಕಾಕಟೀಲ್, ಜುಟ್ಟಿರುವ ಸಣ್ಣ ಗಿಣಿ ಜಾತಿಯ ಹಕ್ಕಿ. ಮರಿಭಾವ ಎಂದು ಹೆಸರಿಟ್ಟವನು ಅಂಗಡಿಯವನು. ಅವನ ಅಕ್ಕನ ಗಂಡ, ಅಂದರೆ ನಿಜವಾದ ಭಾವ, ಅಚ್ಚುಕೂಟದಲ್ಲಿ ಯಂತ್ರ ನಡೆಸಿ ನಿವೃತ್ತರಾದವರು. ಊಟಕ್ಕೆ ಕರೆದರೂ ‘ಹೂಂ’, ಸಾಕಾ ಎಂದರೂ ‘ಹೂಂ’. ಹಕ್ಕಿಯೂ ಹಾಗೇ. ಶಿಳ್ಳೆಯಿಲ್ಲ, ಗಲಾಟೆಯಿಲ್ಲ, ಗಿರಾಕಿಗಳು ಫ್ರೇಮು ಹಾಕಿಕೊಂಡು ಮುಖ ನೋಡಿಕೊಳ್ಳುವ ಕನ್ನಡಿಯ ಎದುರು ದಿನವಿಡೀ ಕೂತಿರುತ್ತಿತ್ತು. ಭಾವ ಅದರ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅವರು ಮಹಡಿಯ ಮನೆಯಿಂದ ಕೆಳಗಿಳಿಯಲು ಇದ್ದ ಕಾರಣ ಅದೊಂದೇ.

ಅಕ್ಕ ಹರಳೆಣ್ಣೆ ಬಾಟಲಿ ಹಿಡಿದೇ ಇಳಿದು ಬಂದಳು.

“ತಿಣುಕ್ತಾ ಇದೆ, ನೋಡೋ. ಹೊಟ್ಟೆ ಕಟ್ಟಿಕೊಂಡಿದೆ, ಅಷ್ಟೇ. ಎರಡು ಹನಿ ಬಾಯಿಗೆ ಬಿಟ್ಟು, ಮೆತ್ತಗೆ ಹೊಟ್ಟೆ ಒತ್ತಿದ್ರೆ ಸರಿಹೋಗತ್ತೆ.”

ಭಾವ ಪಂಜರದ ಬಾಗಿಲಿಗೆ ಅಂಗೈ ಅಡ್ಡ ಇಟ್ಟರು.

“ಕೈ ತೆಗೀರಿ.”

ತೆಗೆಯಲಿಲ್ಲ. “ಡಾಕ್ಟರಿಗೆ ಫೋನ್ ಮಾಡು,” ಎಂದರು ಹೆಂಡತಿಯ ತಮ್ಮನಿಗೆ.

ಹಕ್ಕಿಗಳನ್ನು ನೋಡುವ ವೈದ್ಯೆ ಎರಡನೇ ಸಲಕ್ಕೆ ಸಿಕ್ಕರು. ಅಂಗಡಿಯವನು ಕಂಡದ್ದನ್ನೆಲ್ಲ ಹೇಳಿ, ಎಲ್ಲರಿಗೂ ಕೇಳುವಂತೆ ಫೋನನ್ನು ಗಾಜಿನ ಕೌಂಟರ್ ಮೇಲಿಟ್ಟ.

“ಗಂಡೋ, ಹೆಣ್ಣೋ?”

“ಗಂಡು.”

“ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. “ಹೆಸರು ಮರಿಭಾವ ಅಂತ, ಡಾಕ್ಟ್ರೇ.”

“ಹೆಸರು ಬಿಡಿ. ಶಿಳ್ಳೆ ಹಾಕತ್ತಾ?”

“ಇಲ್ಲ. ಸ್ವಲ್ಪ ಗಂಭೀರ ಸ್ವಭಾವ.”

“ಬಾಲದ ಅಡಿಯಲ್ಲಿ ಅಡ್ಡ ಪಟ್ಟೆ ಇದೆಯಾ, ಬಗ್ಗಿ ನೋಡಿ.”

ಬಗ್ಗಿ ನೋಡಿದ. ಇದ್ದವು, ಸಾಲಾಗಿ, ತೆಳು ಹಳದಿ ಬಣ್ಣದವು. ಊರಿನ ಅರ್ಧ ಜನರ ಕಣ್ಣು ಪರೀಕ್ಷಿಸಿದ ಅಂಗಡಿಯಲ್ಲಿ ಅವನ್ನು ಯಾರೂ ನೋಡಿರಲಿಲ್ಲ.

“ಶಿಳ್ಳೆ ಹಾಕೋದು ಗಂಡು, ಬಾಲಕ್ಕೆ ಪಟ್ಟೆ ಇರೋದು ಹೆಣ್ಣಿಗೆ. ಹಾಗಾದ್ರೆ ಹೆಣ್ಣೇ ಇರಬೇಕು. ಮೊಟ್ಟೆ ಸಿಕ್ಕಿಕೊಂಡಿರೋ ಹಾಗಿದೆ. ಎಣ್ಣೆಗಿಣ್ಣೆ ಹಾಕಬೇಡಿ. ಹೊಟ್ಟೆ ಮುಟ್ಟಲೇಬೇಡಿ, ಮೊಟ್ಟೆ ಒಳಗೇ ಒಡೆದ್ರೆ ಜೀವಕ್ಕೇ ಅಪಾಯ. ಬೆಚ್ಚಗಿಟ್ಟುಕೊಂಡು ಈಗಲೇ ತನ್ನಿ. ಸಂಜೆವರೆಗೆ ಕಾಯೋ ವಿಷಯ ಅಲ್ಲ.”

ಅಕ್ಕ ಬಾಟಲಿಯ ಮುಚ್ಚಳ ಬಿಗಿಮಾಡಿದಳು. “ಬಾಯಿ ಬಿಡದಿದ್ರೆ ಹೆಣ್ಣಂತೆ,” ಎಂದಳು, ಗಂಡನ ಕಡೆ ನೋಡಿ. “ನಮ್ಮನೇಲಿ ಎಲ್ಲಾ ಉಲ್ಟಾ.”

ಫ್ರೇಮುಗಳು ಬಂದಿದ್ದ ರಟ್ಟಿನ ಪೆಟ್ಟಿಗೆಗೆ ತೂತು ಕೊರೆದರು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದೇ ಬದಿಗಿಟ್ಟರು. ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯಬಹುದು. ಅಂಗಡಿಯವನಿಗೆ ಗಿರಾಕಿಗಳಿದ್ದರು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಭಾವ ಒಬ್ಬರೇ ಟ್ಯಾಕ್ಸಿ ಹತ್ತಿದರು. ರಸ್ತೆಯುಬ್ಬು ಬಂದಾಗಲೆಲ್ಲ ಪೆಟ್ಟಿಗೆಯನ್ನು ತುಸು ಎತ್ತಿ ಹಿಡಿದರು.

ವೈದ್ಯೆ ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿದರು. ಬೂದು ಚಿತ್ರದಲ್ಲಿ ಮೊಟ್ಟೆ ಬೆಳ್ಳಗೆ, ಇಡಿಯಾಗಿತ್ತು.

“ಹತ್ತಿರದಲ್ಲಿ ಕನ್ನಡಿ ಇದೆಯಾ?”

“ಕನ್ನಡಕದಂಗಡಿ,” ಎಂದರು ಭಾವ.

“ಓ. ಸರಿಹೋಯ್ತು. ಕನ್ನಡಿಯಲ್ಲಿರೋದನ್ನೇ ಜೊತೆಗಾರ ಅಂದುಕೊಂಡು ಮೊಟ್ಟೆ ಇಡೋದುಂಟು. ಗಂಡೇ ಇರಬೇಕು ಅಂತಿಲ್ಲ.”

ಸುಣ್ಣದಂಶದ ಇಂಜೆಕ್ಷನ್ ಕೊಟ್ಟು, ಹಕ್ಕಿಯನ್ನು ಬೆಚ್ಚಗಿನ, ತೇವದ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾನಾಗಿ ಬರದಿದ್ದರೆ ಅರಿವಳಿಕೆ ಕೊಟ್ಟು ತೆಗೆಯಬೇಕು. ಸುಸ್ತಾದ ಹಕ್ಕಿ ಏಳದೆಯೂ ಇರಬಹುದು, ಎಂದರು.

“ನೀವು ಮನೆಗೆ ಹೋಗಿ ಬರ್ತೀರಾ?”

“ಇಲ್ಲ.”

ಗಾಜಿನ ಮೇಲೆ ಬಟ್ಟೆ ಇಳಿಬಿಟ್ಟಿದ್ದರು, ಹಕ್ಕಿಗೆ ಕತ್ತಲೆ ಬೇಕೆಂದು. ಭಾವ ಬಟ್ಟೆಯನ್ನು ನೋಡುತ್ತಾ ಕೂತರು. ಪಕ್ಕದ ಬೆಂಚಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದ ಹೆಂಗಸು ಏನಾಗಿದೆ ಎಂದು ಕೇಳಿದಳು. “ಹೆರಿಗೆ,” ಎಂದರು. ಅವಳು ಬುಟ್ಟಿಯೊಂದಿಗೆ ತುಸು ಆಚೆ ಸರಿದು ಕೂತಳು.

ಮಧ್ಯಾಹ್ನ ವೈದ್ಯೆ ಅರಿವಳಿಕೆಯ ಸಿದ್ಧತೆಗೆಂದು ಬಂದು ಬಟ್ಟೆ ಎತ್ತಿದರು. ಎತ್ತಿ, ಭಾವನನ್ನು ಕರೆದರು. ಮೊಟ್ಟೆ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಹಕ್ಕಿ ಎದ್ದು ನಿಂತು ನೀರು ಕುಡಿಯುತ್ತಿತ್ತು.

ಅಂಗಡಿಯ ಫೋನು ಎತ್ತಿದ್ದು ಅಕ್ಕ.

“ಇಟ್ಟಳು,” ಎಂದರು ಭಾವ.

“ಯಾರು? ಏನು? ಪೂರ್ತಿ ಹೇಳ್ರಿ, ಇವತ್ತಾದ್ರೂ.”

ಮರಿಭಾವ ಎಂದು ಅವರು ಹಕ್ಕಿಯನ್ನು ಎಂದೂ ಕರೆದಿರಲಿಲ್ಲ. ಈಗ ಬೇರೆ ಹೆಸರಿರಲಿಲ್ಲ.

“ಮರಿಭಾವ ಮೊಟ್ಟೆ ಇಟ್ಟಳು. ಹುಷಾರಾಗಿದ್ದಾಳೆ. ಪಂಜರ ಮೇಲಕ್ಕೆ ತಗೊಂಡು ಹೋಗಿ, ಕನ್ನಡಿ ಇಲ್ಲದ ಕಡೆ ಇಡು. ನನ್ನ ಸ್ಟೂಲೂ.”

‘ಮರಿಭಾವ ಇಟ್ಟಳು’ ಎಂಬುದರ ವ್ಯಾಕರಣ ತಪ್ಪಿತ್ತು. ಅಕ್ಕ ತಿದ್ದಲಿಲ್ಲ.